ಮಾಳಿಗೆಯ ಮೇಲೆ ಹಿಡಿದ ಜಾಗ

ಗೋಪನಕೊಪ್ಪದ ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಹಾಗಾಗಿಯೇ ಇರಬೇಕು, ಟೀವಿಯಲ್ಲಿ ಯಾವುದೋ ದೂರದ ದೇಶದ ಪ್ರವಾಹ ತೋರಿಸುತ್ತಿದ್ದಾಗ ಒಂದನೇ ಇಯತ್ತೆಯ ನನ್ನ ಮಗಳು ಹಿಗ್ಗಿನಿಂದ ಕೂಗಿದಳು: "ಅವ್ವಾ, ಅವರ ಮನಿ ತುಂಬ ನೀರು ನೋಡ! ಇನ್ನ ಅವರು ನೀರಿಗೆ ಕಾಯೂದ ಬ್ಯಾಡ."

ನನಗೆ ಸಿಟ್ಟು ಬಂತು. "ನಗೂ ಮಾತೇನ ಅದು? ಮಂದಿ ಮುಳುಗಿ ಸಾಯಾಕತ್ತಾರ!" ಎಂದು ಗದರಿದೆ. ಅವಳು ಮತ್ತೆ ಪರದೆಯತ್ತ ತಿರುಗಿದಳು. ಟೀವಿಯಲ್ಲಿ ಒಬ್ಬ ಹುಡುಗಿ ಶಾಲೆಯ ಪಾಟೀಚೀಲ ತಬ್ಬಿಕೊಂಡು ಮನೆಯ ಛಾವಣಿಯ ಮೇಲೆ ಕೂತಿದ್ದಳು. ನಾನು ಚಾನೆಲ್ ಬದಲಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಂದಿನ ವಾರ ನೀರು ತುಂಬುವಾಗ ಪೈಪು ಡ್ರಮ್ಮಿನಿಂದ ಜಾರಿ ಪಡಸಾಲೆಯೆಲ್ಲ ನೀರಾಯಿತು. ಹಾಳಾದ ಪೈಪನ್ನು ಬೈಯುತ್ತ ನೀರು ಬಳಿದು ಹಾಕಿ ತಲೆಯೆತ್ತಿದರೆ, ಅಜ್ಜಿಯ ಪಕ್ಕ ಕೂತಿದ್ದ ಮಗಳು ಕಾಣಲಿಲ್ಲ.

ಕೊನೆಗೆ ಮಾಳಿಗೆಯ ಮೇಲೆ ಸಿಕ್ಕಳು. ಪಾಟೀಚೀಲ ತಬ್ಬಿಕೊಂಡು, ಅಜ್ಜಿ ಓದುವಾಗ ಹಾಕುವ ಚಾಳೀಸನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮೂಲೆಗೆ ಒತ್ತಿ ಕೂತಿದ್ದಳು.

"ಅವ್ವಾ, ಅಜ್ಜೀನ್ನೂ ಲಗೂ ಕರಕೊಂಡ ಬಾ," ಎಂದಳು. "ನಿಮಗಿಬ್ಬರಿಗೂ ಜಾಗಾ ಹಿಡದೇನಿ."