ಒಳಮೈ ಮಾಡಿದ ಫ್ಲೆಕ್ಸ್

ಇನ್ನಂಜೆಯ ದಿವಾಕರ ಕುಂದರ್ ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತರು. ಆಕಾಶದ ಹುಚ್ಚು ಮಾತ್ರ ಹೇಳತೀರದು. ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಿ, ಜಾಗ ಬದಲಿಸುವ ಚುಕ್ಕಿಗಳನ್ನು ಹುಡುಕುವ ಹವ್ಯಾಸಿಗಳ ಕೂಟದಲ್ಲಿ ಅವರೂ ಒಬ್ಬರು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಒಂದು ಪುಟ್ಟ ಕ್ಷುದ್ರಗ್ರಹ ಕಣ್ಣಿಗೆ ಬಿದ್ದದ್ದೇ ತಡ, ಅದು ಹೊಸತೆಂದು ಖಚಿತವಾಗುವ ಮೊದಲೇ ಊರಿಡೀ ಹೇಳಿಕೊಂಡು ಬಂದರು.

ನಮ್ಮ ಕಡೆ ಕೇಳಬೇಕೇ? ಯುವಕ ಮಂಡಲದವರು ಮರುದಿನವೇ ಪೇಟೆಯಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ದಿವಾಕರರ ನಗುಮುಖ, ಕೆಳಗೆ ‘ಹೊಸ ಕ್ಷುದ್ರಗ್ರಹದ ಶೋಧಕ’.

ಸನ್ಮಾನದ ದಿನ ಬೆಳಿಗ್ಗೆ ಕೂಟದ ಗೆಳೆಯ ಫೋನ್ ಮಾಡಿದ. “ಅದು ಹೊಸತಲ್ಲ ಮಾರಾಯ. ಬೇರೆಯವರು ಎಂದೋ ಕಂಡುಹಿಡಿದು ಆಗಿದೆ.”

ಸಂಜೆ ವೇದಿಕೆಯಲ್ಲಿ ನಿಜ ಹೇಳಿಬಿಡಬೇಕೆಂದು ದಿವಾಕರ ಬಾಯಿ ತೆರೆದರು. ಅಷ್ಟರಲ್ಲಿ ಶಾಲು ಹೆಗಲಿಗೆ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ತೆರೆದ ಬಾಯಿ ನಗುವುದಕ್ಕಷ್ಟೇ ಉಪಯೋಗವಾಯಿತು.

ಮಳೆಗಾಲ ಹತ್ತಿರವಾದಾಗ ಬಿಚ್ಚಿದ ಆ ಫ್ಲೆಕ್ಸ್, ಎಲ್ಲ ಫ್ಲೆಕ್ಸುಗಳ ಹಾಗೆ, ಮಳೆಗೆ ಹೊದಿಕೆಯಾಗಿ ಕಟ್ಟಿಗೆ ರಾಶಿಯ ಮೇಲೆ ಹೋಯಿತು. ರಾಶಿ ನೆರೆಮನೆಯ ಸುಗಂಧಿಯಕ್ಕನದು. ಬೇಲಿಯಾಚೆ ಅದರ ಬಿಳಿ ಬೆನ್ನು ಮಾತ್ರ ಕಂಡು ದಿವಾಕರರಿಗೆ ಹೋದ ಜೀವ ಬಂದಂತಾಯಿತು. ಸದ್ಯ, ಮುಖ ಕಾಣುವುದಿಲ್ಲ.

ಸುಗಂಧಿಯಕ್ಕ ಅಲ್ಲಿಂದಲೇ ಕೂಗಿ ಹೇಳಿದರು: “ಬೇಸರ ಮಾಡಬೇಡಿ ದಿವಾಕರಣ್ಣ. ನಿಮ್ಮ ಮುಖ ಒಳಗೆ ಮಾಡಿ ಹಾಕಿದ್ದೇನೆ. ಊರಿಗೆ ಹೆಸರು ತಂದವರು ಒದ್ದೆಯಾಗಬಾರದಲ್ವಾ?”