ಕಾರು ಒರೆಸುವ ಬಟ್ಟೆ

ಗಲ್ಫಿನಲ್ಲಿ ದುಡಿಯುತ್ತಿದ್ದಾಗ ಸಿಕ್ಕ ರಜೆಯನ್ನೆಲ್ಲ ನಾನು ಹಳೆ ಬಟ್ಟೆಯ ಮೂಟೆ ಕೆದಕುವುದರಲ್ಲೇ ಕಳೆದೆ. ವಿದೇಶಿ ಸೈನಿಕರ ಎಲೆಬಣ್ಣದ, ಚುಕ್ಕೆಚುಕ್ಕೆಯ ಹಳೆಯ ಉಡುಪು ಕೂಡಿಡುವ ಹುಚ್ಚು ನನಗೆ. ಅವುಗಳಲ್ಲಿ ಒಂದು ಜಾಕೆಟ್ ಅಪರೂಪದ್ದು. ಮೊಣಕೈಯಲ್ಲಿ ಯಾರೋ ಕಪ್ಪು ದಾರದಿಂದ ಹೊಲಿದ ಗುರುತಿತ್ತು.

ಊರಿಗೆ ಬಂದ ಮೇಲೆ ಅದನ್ನು ಮಣಿಪಾಲದ ಹಿರಿಯ ಸಂಗ್ರಾಹಕರಿಗೆ ತೋರಿಸಬೇಕೆಂದು ಆಸೆಯಾಯಿತು. ಈ ಹವ್ಯಾಸದಲ್ಲಿ ಅವರು ನಮಗೆಲ್ಲ ಗುರು. ದೊಡ್ಡವರ ಮನೆಗೆ ಕೊಳೆ ಬಟ್ಟೆ ಒಯ್ಯುವುದುಂಟೇ ಎಂದು ಅಮ್ಮ ಅದನ್ನು ಸೋಪಿನ ಪುಡಿ ಹಾಕಿ ತೊಳೆದು, ನಮ್ಮೂರು ಕಾಪುವಿನ ಬಿಸಿಲಿಗೆ ಒಣಗಿಸಿ ಕೊಟ್ಟರು.

ಸಂಗ್ರಾಹಕರು ಕಾಲರ್ ಮೂಸಿ, ತೊಳೆದದ್ದಾ ಎಂದು ಕೇಳಿದರು. ಹೌದೆಂದೆ, ಹೆಮ್ಮೆಯಿಂದಲೇ. ಕಿಟಕಿಯ ಪರದೆ ಎಳೆದು ನೇರಳೆ ಬೆಳಕಿನ ಟಾರ್ಚ್ ಹಿಡಿದರು. ಜಾಕೆಟ್ ನೀಲಿಯಾಗಿ ಹೊಳೆಯಿತು. ಹಳೆಯ ಬಟ್ಟೆ ಹೀಗೆ ಹೊಳೆಯುವುದಿಲ್ಲವಂತೆ.

"ನಕಲಿ ಮಾರಾಯ. ಇಲ್ಲೇ ಬಿಟ್ಟು ಹೋಗು, ಕಾರು ಒರೆಸಲಿಕ್ಕಾದರೂ ಆಗ್ತದೆ."

ನಾಚಿಕೆಯಿಂದ ಬಿಟ್ಟು ಬಂದೆ. ಎಂಥ ಪೆದ್ದ ನಾನು!

ಎರಡು ತಿಂಗಳ ನಂತರ ಕಾರ್ಕಳದಲ್ಲಿ ನಡೆಯಲಿದ್ದ ಅವರ ಪ್ರದರ್ಶನದ ಆಮಂತ್ರಣ ಮೊಬೈಲಿಗೆ ಬಂತು. ಅದರ ನಡುವೆ ನನ್ನ ಜಾಕೆಟ್ಟಿನ ಚಿತ್ರ, ಮೊಣಕೈಯಲ್ಲಿ ಅದೇ ಕಪ್ಪು ದಾರ. ಅಂಥದ್ದೇ ಟಾರ್ಚ್ ತರಿಸಿ ಮನೆಯಲ್ಲಿ ಹಿಡಿದು ನೋಡಿದೆ. ನನ್ನ ಲುಂಗಿ, ದಿಂಬಿನ ಕವರ್, ಅಮ್ಮನ ಹಳೇ ಸೀರೆ ಎಲ್ಲವೂ ನೀಲಿ. ಹೊಳೆದದ್ದು ಬಟ್ಟೆಯಲ್ಲ, ಅಮ್ಮ ಹಾಕಿದ ಸೋಪಿನ ಪುಡಿ. ಮೂಸಿದಾಗಲೇ ಅವರಿಗೆ ಅದು ಗೊತ್ತಾಗಿತ್ತು.

ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಬೈಗುಳಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವರು ಜನರ ಮುಂದೆ ಟಾರ್ಚ್ ಹಿಡಿದು, ಹೊಳೆದರೆ ನಕಲಿ ಎಂದು ಪಾಠ ಹೇಳುತ್ತಿದ್ದರು. ಆ ಜಾಕೆಟ್ಟಿಗೂ ಒಮ್ಮೆ ಹಿಡಿಯಿರಿ ಸರ್ ಎಂದು ವಿನಯದಿಂದ ಕೇಳಿದೆ. ಅವರು ತಡವರಿಸಿದರು. ಜನ ಕಾಯುತ್ತಿದ್ದರು. ಹಿಡಿದರು. ಹೊಳೆಯಿತು.

ಅವರು ಸೋಪಿನ ವಿಷಯ ಹೇಳಿದರೆ, ನನ್ನಿಂದ ಅದನ್ನು ಹೇಗೆ ಲಪಟಾಯಿಸಿದರೆಂಬುದನ್ನೂ ನಾನು ಹೇಳುತ್ತಿದ್ದೆ. ಅವರಿಗೂ ಅದು ತಿಳಿದಿತ್ತು. ಕಳ್ಳನೆನಿಸಿಕೊಳ್ಳುವುದಕ್ಕಿಂತ ದಡ್ಡನೆನಿಸಿಕೊಳ್ಳುವುದೇ ವಾಸಿ ಎಂದುಕೊಂಡರೇನೋ, ತಾವೂ ಮೋಸಹೋದೆವೆಂದು ಒಪ್ಪಿಕೊಂಡರು.

"ಹಾಗಾದ್ರೆ ನನಗೆ ಕೊಡಿ ಸರ್. ನನಗೂ ಕಾರುಂಟು."

ನನ್ನಲ್ಲಿ ಸೈಕಲ್ಲೂ ಇಲ್ಲ. ಅವರೇ ಅದನ್ನು ಕೆಳಗಿಳಿಸಿ, ಮಡಚಿ ನನ್ನ ಕೈಗಿತ್ತರು.

ಈಗ ಈ ಜಾಕೆಟ್ಟನ್ನು ಯಾವ ಸಂಗ್ರಾಹಕನೂ ಮೂಸುವುದಿಲ್ಲ. ಬೇಸರವಿಲ್ಲ. ಅದು ಅಸಲಿ ಎಂದು ನನ್ನನ್ನು ಬಿಟ್ಟರೆ ಬಲ್ಲವರು ಅವರೊಬ್ಬರೇ, ಮತ್ತು ಅದನ್ನು ಅವರು ಬಾಯಿಬಿಟ್ಟು ಹೇಳುವಂತಿಲ್ಲ.