ಸೋಮವಾರದ ಹೂಜಿ

ನನ್ನ ಅಕ್ಕನನ್ನು ಅಂಗಳದ ತುಂಬ ಜನರ ಎದುರು ಕಳ್ಳಿ ಎಂದವನು ಅವಳ ಸ್ವಂತ ಮೈದುನ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕನ ಗಂಡನ ಮನೆಯವರದು ಗುಡ್ಡದ ಇಳಿಜಾರಿನ ಸಣ್ಣ ದ್ರಾಕ್ಷಿ ತೋಟ. ಅಲ್ಲಿ ಮಣ್ಣಿಗಿಂತ ಕಪ್ಪು ಕಲ್ಲೇ ಹೆಚ್ಚು. ಹಣ್ಣು ಬಟಾಣಿಯಷ್ಟು, ಸಿಪ್ಪೆ ದಪ್ಪ. ಕೆಳಗಿನ ಬಯಲಿನ ದೊಡ್ಡ ತೋಟದವರು ನೋಡಿ ಮೂಗು ಮುರಿಯುತ್ತಿದ್ದರು. ಆದರೆ ಅದೇ ಹಣ್ಣಿನಿಂದ ಭಾವ ಮಾಡುತ್ತಿದ್ದ ಕೆಂಪು ವೈನಿಗೆ ವ್ಯಾಪಾರಿಗಳು ವರ್ಷ ಮೊದಲೇ ಹೇಳಿಟ್ಟಿರುತ್ತಿದ್ದರು. ವರ್ಷಕ್ಕೆ ಎಂಟೇ ಪೀಪಾಯಿ.

ಪೀಪಾಯಿಯ ಮರವೂ ಒಂದಿಷ್ಟು ವೈನು ಕುಡಿಯುತ್ತದೆ. ವಾರಕ್ಕೊಮ್ಮೆ ಬಿರಡೆ ತೆಗೆದು, ಇಳಿದಷ್ಟನ್ನು ಬೇರೆ ವೈನಿನಿಂದ ಬಾಯಿಮಟ್ಟ ತುಂಬಬೇಕು. ಇಲ್ಲದಿದ್ದರೆ ಖಾಲಿ ಜಾಗಕ್ಕೆ ಗಾಳಿ ಸೇರಿ ವಿನೆಗರ್ ಆಗುತ್ತದೆ. ಇದು ಅಕ್ಕನ ಕೆಲಸ. ಪ್ರತಿ ಸೋಮವಾರ ಆ ವೈನಿನ ಹೂಜಿ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದಳು. ನಾನು ಮೇಲೆ ಬಾಟಲಿ ತೊಳೆಯುತ್ತಿದ್ದೆ.

ಆ ವರ್ಷ ಪೀಪಾಯಿ ತುಂಬಿದ ತಿಂಗಳಲ್ಲೇ ಭಾವ ತೀರಿಕೊಂಡರು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಅಳತೆಪಟ್ಟಿ ಹಿಡಿದು ನಿಂತಿದ್ದ ಅವರ ತಮ್ಮ ಯಜಮಾನಿಕೆಗೆ ಬಂದಿಳಿದ. ವೈನಿನ ಬಗ್ಗೆ ಆ ಮಹಾಶಯನಿಗೆ ಗೊತ್ತಿದ್ದದ್ದು ಅದು ಬಾಟಲಿಯಲ್ಲಿರುತ್ತದೆ ಎಂಬುದಷ್ಟೇ. ಎರಡನೇ ಸೋಮವಾರ ಅಕ್ಕ ಮೆಟ್ಟಿಲು ಹತ್ತಿ ಬಂದಾಗ ಹೂಜಿಯ ತಳದಲ್ಲಿ ಸ್ವಲ್ಪ ವೈನು ಉಳಿದಿತ್ತು. ಅಂಗಳದ ತುಂಬ ಜನ ನೋಡುತ್ತಿದ್ದಂತೆ ಮೈದುನ ಅಡ್ಡ ನಿಂತ.

"ಎಷ್ಟು ವರ್ಷದಿಂದ ನಡೀತಿದೆ ಅತ್ತಿಗೆ, ಈ ಕಳ್ಳತನ? ಕೀಲಿ ಕೊಡಿ ಇಲ್ಲಿ. ಇನ್ಮೇಲೆ ಯಾರೂ ಕೆಳಗೆ ಇಳಿಯೋ ಹಾಗಿಲ್ಲ."

ಅಕ್ಕ ಕೀಲಿ ಕೊಟ್ಟಳು. ವಿಷಯ ಗೊತ್ತಿದ್ದ ಕೆಲಸಗಾರರು ಅವಳ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡರು.

ನಾನು ಅಡುಗೆಮನೆಯಲ್ಲಿ ಅವಳ ಬೆನ್ನು ಬಿದ್ದೆ. "ಹೇಳ್ಬಿಡೇ ಅಕ್ಕ. ಅದು ಭಾವನ ಕೊನೇ ವೈನು."

"ನನಗೆ ಗೊತ್ತಿಲ್ವಾ? ಬೀಗ ಹಾಕಿದವನೇ ಕಾಯಲಿ."

ಹಠ ಎಂದರೆ ಅಂಥಾ ಹಠ. ಸೋಮವಾರ ಬಂದರೆ ಖಾಲಿ ಹೂಜಿಯನ್ನು ತೊಳೆದು ಬೋರಲು ಹಾಕುತ್ತಿದ್ದಳು. ಒಮ್ಮೆ ಮಾತ್ರ ನೆಲಮಾಳಿಗೆಯ ಬಾಗಿಲವರೆಗೆ ಹೋಗಿ, ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದು ಹಿಂದಿರುಗಿದಳು.

ಏಳು ತಿಂಗಳಾದ ಮೇಲೆ ಮೈದುನ ಒಂದು ಲೋಟ ಹಿಡಿದು ಅಡುಗೆಮನೆಗೆ ಬಂದ. ಧ್ವನಿ ಬೆಣ್ಣೆಯಾಗಿತ್ತು. "ಅತ್ತಿಗೆ, ನಾಳೆ ವ್ಯಾಪಾರಿಗಳು ಬರ್ತಾರೆ. ಒಂಚೂರು ರುಚಿ ನೋಡ್ತೀರಾ? ನನಗ್ಯಾಕೋ ಹುಳಿ ಅನ್ಸುತ್ತೆ."

ಒಲೆಯ ಹತ್ತಿರವಿದ್ದ ನನ್ನ ಮೂಗಿಗೇ ಘಾಟು ಬಡಿಯಿತು. ಅಕ್ಕ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದಳು. ಹುಬ್ಬು ಕೂಡ ಅಲುಗಲಿಲ್ಲ.

"ಹೊಸದು ಹಾಗೇ ಇರುತ್ತೆ. ಎಲ್ಲರನ್ನೂ ಕರೆಸಿ. ಕೆಲಸದವರನ್ನೂ."

ಮರುದಿನ ಅದೇ ಅಂಗಳ, ಅದೇ ಜನ. ಹಿರಿಯ ವ್ಯಾಪಾರಿ ಮೊದಲ ಗುಟುಕನ್ನೇ ಥೂ ಎಂದು ಕಲ್ಲಿನ ಮೇಲೆ ಉಗಿದ. "ಏನ್ರೀ ಇದು ವಿನೆಗರ್ರು! ವಾರ ವಾರ ಪೀಪಾಯಿ ತುಂಬಿಸ್ತಿರ್ಲಿಲ್ವಾ?"

ಮೈದುನ ಅಕ್ಕನತ್ತ ತಿರುಗಿದ. ಅವಳ ಕೈಯಲ್ಲಿ ಹೂಜಿ ಇತ್ತು.

"ನಾನು ಹೇಗೆ ತುಂಬಿಸ್ಲಿ?" ಎಂದಳು ಎಲ್ಲರಿಗೂ ಕೇಳುವಂತೆ. "ಕೀಲಿ ನಿಮ್ಮ ಹತ್ರಾನೇ ಇತ್ತಲ್ಲ."

ಕೆಲಸಗಾರರು ಕಿಸಕ್ಕೆಂದರು. ಅವನ ಮುಖದ ಬಣ್ಣ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಎಲ್ಲರೂ ಹೋದ ಮೇಲೆ ಅಕ್ಕನನ್ನು ಕೇಳಿದೆ, "ನಿನ್ನೆ ಬಾಯಿಗೆ ಸೋಕಿಸಿದ್ರೆ ಸಾಕಿತ್ತು. ಅಷ್ಟನ್ನೂ ಯಾಕೆ ಕುಡಿದೆ?"

ಅವಳು ಹೂಜಿ ಒರೆಸುತ್ತಿದ್ದಳು. "ಮಾಡಿದ್ದು ಅವರು. ಕೆಡೋಕೆ ಬಿಟ್ಟಿದ್ದು ನಾನು. ಒಂದು ಲೋಟಾನಾದ್ರೂ ಕುಡೀಬಾರ್ದಾ?"